ಬೀಗದಕ್ಕ ಒಪ್ಪಿಕೊಂಡ ಜೀವನಾಂಶ

ಊರಿನವರಿಗೆಲ್ಲ ಅವಳು ಬೀಗದಕ್ಕ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು. ಎಂಥ ಹಟಮಾರಿ ಬೀಗವಾದರೂ ಅವಳ ಕೈ ತಾಗಿದರೆ ಬಾಯಿಬಿಡುತ್ತಿತ್ತು. ಅಪ್ಪನಿಂದ ಕಲಿತ ವಿದ್ಯೆ. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ, ಆ ಕೈ ಕೊಟ್ಟ ದೇವರ ಮೇಲೆ ಇನ್ನೂ ಹೆಚ್ಚು.

ಹಾಗಾಗಿ ವಿಚ್ಛೇದನದ ಮಾತು ಬಂದಾಗಲೂ ಅವಳು ಅಳುಕಲಿಲ್ಲ. ಇಬ್ಬರ ನಡುವೆ ಮಾತು ಬತ್ತಿಹೋಗಿ ಬಹಳ ಕಾಲವಾಗಿತ್ತು. ಗಂಡ ಬಟ್ಟೆಬರೆ ಕಟ್ಟಿಕೊಂಡು ತಂಗಿಯ ಮನೆಗೆ ಹೋದ. ಅವಳು ಕೆರಳಿದ್ದು ಅವನು ಕೋರ್ಟಿನಲ್ಲಿ ಜೀವನಾಂಶ ಕೇಳಿದಾಗ.

"ಗಂಡಸಾಗಿ ಹೆಂಡತಿ ಹತ್ರ ಕೈ ಚಾಚ್ತಾನಾ?" ಎಂದು ಅವಳ ಅಣ್ಣ ನಕ್ಕ. "ಇಷ್ಟು ವರ್ಷ ಕೂತು ತಿಂದಿದ್ದು ಸಾಲ್ಲಿಲ್ವಂತೆ."

ಅವಳಿಗೂ ಹಾಗೇ ಅನ್ನಿಸಿತ್ತು. 'ಇವರು ಎಷ್ಟೋ ವರ್ಷದಿಂದ ಒಂದು ದಿನವೂ ದುಡಿದವರಲ್ಲ' ಎಂದು ನ್ಯಾಯಾಧೀಶರೆದುರು ಹೇಳಿಬಿಡುವುದೆಂದು ತೀರ್ಮಾನಿಸಿಯೇ ವಕೀಲೆಯ ಬಳಿ ಹೋದಳು. ವಯಸ್ಸಾದ ಆ ವಕೀಲೆ ಎಲ್ಲವನ್ನೂ ಕೇಳಿಸಿಕೊಂಡು ಬಿಡಿಸಿ ಹೇಳಿದರು. ಜೀವನಾಂಶ ತಪ್ಪಿಗೆ ಹಾಕುವ ದಂಡವಲ್ಲ, ಕನಿಕರಪಟ್ಟು ಕೊಡುವ ದಾನವೂ ಅಲ್ಲ. ಗಂಡ ಕೇಳಬಾರದು ಎಂದು ಇಲ್ಲಿನ ಕಾನೂನಿನಲ್ಲಿಲ್ಲ. ಮದುವೆ ಎಷ್ಟು ಕಾಲ ನಡೆಯಿತು, ಯಾರ ಸಂಪಾದನೆ ಎಷ್ಟು, ಸಂಸಾರಕ್ಕಾಗಿ ಯಾರು ಏನು ಬಿಟ್ಟುಕೊಟ್ಟರು ಎಂಬುದನ್ನೆಲ್ಲ ನೋಡುತ್ತಾರೆ. ಒಮ್ಮೆಲೇ ಕೊಟ್ಟು ಮುಗಿಸಬಹುದು, ಇಲ್ಲವೇ ಪಡೆಯುವವರು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ತಿಂಗಳಿಗಿಷ್ಟೆಂದು ಕೊಡಬಹುದು.

"ಅವ್ರು ಏನು ಬಿಟ್ಕೊಟ್ರು ಅಂತ ಒಂದ್ಸಲ ಯೋಚನೆ ಮಾಡ್ಕೊಂಡು ಬಾಮ್ಮ," ಎಂದರು.

ಯೋಚಿಸಲು ಏನಿದೆ ಎಂದುಕೊಂಡು ಅಂಗಡಿಗೆ ಬಂದರೆ, ಹೋಟೆಲಿನ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಹೋಟೆಲಿನ ಕೋಣೆಗಳಿಗೆಲ್ಲ ಅವಳು ಹಿಂದಿನ ವಾರ ಮಾಡಿಕೊಟ್ಟ ಕೀಲಿಕೈಗಳ ಗೊಂಚಲು ಅವನ ಕೈಯಲ್ಲಿತ್ತು. ಒಂದೂ ಸಲೀಸಾಗಿ ತಿರುಗುತ್ತಿಲ್ಲ, ಬೆರಳು ಬೇರೆ ಗೀರುತ್ತಿವೆ ಎಂದ.

"ನಿಮ್ಮ ಕೀ ಅಂದ್ರೆ ಬೆಣ್ಣೆಯಿಂದ ಕೂದ್ಲು ತೆಗೆದ ಹಾಗೆ ಬರ್ತಿತ್ತಲ್ಲಕ್ಕ, ಈಗೇನಾಯ್ತು?"

ಅವಳು ಒಂದರ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಯಂತ್ರ ಕೊರೆದಾಗ ಏಳುವ ಲೋಹದ ಸಣ್ಣ ಮುಳ್ಳುಗಳು ಹಾಗೇ ಉಳಿದಿದ್ದವು. ಸರಿಮಾಡಿ ಕೊಡುತ್ತೇನೆಂದು ಗೊಂಚಲನ್ನು ಇಟ್ಟುಕೊಂಡಳು.

ಬಿಡಿ ಕೀಲಿಕೈಗಳನ್ನು ಅವಳೇ ಉಜ್ಜಿ ಕೊಡುತ್ತಿದ್ದಳು. ದೊಡ್ಡ ಗೊಂಚಲುಗಳನ್ನು ಮಾತ್ರ ಕೊರೆದು, ಚೀಲಕ್ಕೆ ತುಂಬಿ, ಮನೆಯ ಊಟದ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ಅಡುಗೆ ಮುಗಿಸಿದ ಗಂಡ ಹಳೇ ಪೇಪರ್ ಹಾಸಿಕೊಂಡು, ಲೋಹ ಉಜ್ಜುವ ಸಣ್ಣ ಅರ ಹಿಡಿದು ಒಂದೊಂದನ್ನೇ ನುಣುಪಾಗುವವರೆಗೆ ತಿಕ್ಕುತ್ತಿದ್ದ. ಹೊತ್ತು ಹೋಗದೆ ಮಾಡುತ್ತಾನೆ ಎಂದೇ ಅವಳು ತಿಳಿದಿದ್ದಳು. ಅವನು ಹೋದ ಮೇಲೆ ಬಂದ ಮೊದಲ ದೊಡ್ಡ ಗೊಂಚಲು ಇದು; ಈ ಸಲವೂ ಅಭ್ಯಾಸಬಲದಿಂದ ಚೀಲವನ್ನು ಮೇಜಿನ ಮೇಲಿಟ್ಟು, ಬೆಳಿಗ್ಗೆ ಹಾಗೇ ಎತ್ತಿಕೊಂಡು ಹೋಗಿ ಹೋಟೆಲಿಗೆ ಕೊಟ್ಟುಬಂದಿದ್ದಳು.

ಅಷ್ಟು ನೆನಪಾದದ್ದೇ ತಡ, ಉಳಿದದ್ದೂ ಒಂದರ ಹಿಂದೆ ಒಂದು ಬಂತು. ಅಪ್ಪ ಹಾಸಿಗೆ ಹಿಡಿದಾಗ ಅಂಗಡಿ ಮುಚ್ಚಬಾರದೆಂದು ಕೊರಿಯರ್ ಕಚೇರಿಯ ಕೆಲಸ ಬಿಟ್ಟು, ಅಪ್ಪನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಂತವನು ಅವನೇ. ಅಪ್ಪನಿಗೆ ಕೊನೆಯ ತುತ್ತು ಉಣಿಸಿದವನೂ ಅವನೇ.

ಎರಡು ದಿನದ ಮೇಲೆ, ವಿಚಾರಣೆಯ ಬೆಳಿಗ್ಗೆ ದೇವರಿಗೆ ಕೈಮುಗಿದಾಗ 'ಗೆಲ್ಲಿಸು' ಎಂಬ ಮಾತು ಬಾಯಿಗೆ ಬರಲಿಲ್ಲ. ಸರಿಯಾದದ್ದನ್ನೇ ನುಡಿಸಪ್ಪ ಎಂದಷ್ಟೇ ಬೇಡಿಕೊಂಡಳು.

ಗಂಡ ಏನು ಮಾಡುತ್ತಿದ್ದ ಎಂದು ನ್ಯಾಯಾಧೀಶರು ಕೇಳಿದರು. ಅವಳು ತಲೆಯೆತ್ತಿ, ಅಳುಕದೆ ಹೇಳಿದಳು:

"ದುಡಿದಿದ್ದಾರೆ ಸ್ವಾಮಿ. ಸಂಬಳ ಇರ್ಲಿಲ್ಲ, ಅಷ್ಟೇ."

ಹಿಂದೆ ಕೂತಿದ್ದ ಅಣ್ಣ ಕೆಮ್ಮಿದ. ಅವಳು ತಿರುಗಿ ನೋಡಲಿಲ್ಲ. ಹಾಗೆಂದು ಗಂಡ ಕೇಳಿದಷ್ಟಕ್ಕೂ ತಲೆಯಾಡಿಸಲಿಲ್ಲ; ಅಂಗಡಿಯೂ ನಡೆಯಬೇಕಲ್ಲ. ಅವನೊಂದು ಕಸುಬು ಕಲಿತು ಕೆಲಸಕ್ಕೆ ಸೇರುವವರೆಗೆ ತಿಂಗಳು ತಿಂಗಳು ಕೊಡುವುದೆಂದು ಮಾತಾಯಿತು. ಇಬ್ಬರೂ ಸಹಿ ಹಾಕಿದರು.

ಹೊರಗೆ ಮೆಟ್ಟಿಲ ಬಳಿ ಅವಳೇ ಅವನನ್ನು ನಿಲ್ಲಿಸಿದಳು.

"ರೀ, ಆ ಸಣ್ಣ ಅರ ಎಲ್ಲಿಟ್ಟಿದ್ದೀರಿ? ಮನೆಯೆಲ್ಲ ಜಾಲಾಡಿದೆ."

"ಚಮಚದ ಡ್ರಾಯರಲ್ಲಿ," ಎಂದ ಅವನು. "ನೀನು ಆ ಕಡೆ ಯಾವತ್ತು ಕೈ ಹಾಕಿದ್ದೆ?"

ಅವಳಿಗೆ ನಗು ಬಂತು. ಮನೆಗೆ ಹೋದವಳೇ ಡ್ರಾಯರ್ ಎಳೆದಳು. ಮೇಜಿನ ಮೇಲೆ ಪೇಪರ್ ಹಾಸಿ, ಹೋಟೆಲಿನ ಗೊಂಚಲನ್ನು ಸುರಿದುಕೊಂಡು, ಮೊದಲ ಕೀಲಿಕೈಯನ್ನು ಬೆಳಕಿಗೆ ಹಿಡಿದಳು.