ತಾತನ ಜಾಡಿಯಲ್ಲಿದ್ದ ಅಂಬರ್

ಹೋದ ತಿಂಗಳು ಬನಶಂಕರಿಯ ಒಂದು ಅಂಗಡಿಯಲ್ಲಿ ಸೆಂಟು ಮಾರುವ ಹುಡುಗಿ ಕಾಗದದ ಪಟ್ಟಿಗೆ ಏನನ್ನೋ ಸಿಂಪಡಿಸಿ ನನ್ನ ಮೂಗಿನ ಬಳಿ ಹಿಡಿದಳು. "ಅಂಬರ್ ಮೇಡಂ. ಒರಿಜಿನಲ್ ಅಲ್ಲ, ಲ್ಯಾಬಲ್ಲಿ ಮಾಡಿರೋದು," ಎಂದಳು. ಮೊದಲು ಉಪ್ಪುಗಾಳಿ, ಆಮೇಲೆ ಹಳೆಯ ಮರ. ಒಣಗಿದ ಸಗಣಿಯ ಆ ಒಂದು ಎಳೆ ಮಾತ್ರ ಇರಲಿಲ್ಲ. ಅದನ್ನು ನನ್ನ ನೆನಪೇ ತುಂಬಿಕೊಂಡಿತು. ಅಂಗಡಿಯ ಬೆಳಕೆಲ್ಲ ಸರಿದು, ಜಯನಗರದ ನಮ್ಮ ಮನೆಯ ಹಿತ್ತಲಿನ ಕೋಣೆಯ ತಂಪು ನೆಲ ಕಾಲಿಗೆ ತಾಗಿದಂತಾಯಿತು. ನಿಮಗೂ ಅಂಥದೊಂದು ಕೋಣೆ ಇದ್ದಿರಬಹುದು. ಈಗ ಅಲ್ಲಿ ಬೇರೆ ಯಾರದೋ ಕಾರು ನಿಲ್ಲುತ್ತಿರಬಹುದು.

ಅಪ್ಪ ಅಮ್ಮನಿಗೆ ಊರೂರಿಗೆ ವರ್ಗವಾಗುತ್ತಿದ್ದುದರಿಂದ ನಾನು ಬೆಳೆದದ್ದು ತಾತ, ಅಜ್ಜಿಯ ಹತ್ತಿರ. ಊದುಬತ್ತಿ ಮಾಡುವವರಿಗೆ ಸುಗಂಧ ಬೆರೆಸಿಕೊಡುವುದು ತಾತನ ಕಸುಬು. ಹಿತ್ತಲಿನ ಕೋಣೆಯ ಬೀರುವಿನಲ್ಲಿ, ಬೀಗ ಹಾಕಿದ ಕೆಳಗಿನ ಖಾನೆಯ ಕತ್ತಲಲ್ಲಿ, ಒಂದು ಪಿಂಗಾಣಿ ಜಾಡಿ. ಅದರೊಳಗೆ ಹಳೆಯ ಮಲ್ಲುಪಂಚೆಯ ತುಂಡಿನಲ್ಲಿ ಸುತ್ತಿದ ಅಂಬರ್. ತಿಮಿಂಗಿಲದ ಹೊಟ್ಟೆಯಿಂದ ಹೊರಬಿದ್ದು, ಎಷ್ಟೋ ವರ್ಷ ಕಡಲಲ್ಲಿ ತೇಲಿ ದಡಕ್ಕೆ ಬರುವ ವಸ್ತು. ಮಂಗಳೂರಿನ ಕಡೆಯ ವ್ಯಾಪಾರಿಯಿಂದ ತಾತ ಅದನ್ನು ಕೊಂಡಾಗ ಅದು ಕಪ್ಪಗಿತ್ತಂತೆ, ಕೊಟ್ಟಿಗೆಯ ಹಾಗೆ ನಾರುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಬೂದಿಯ ಬಣ್ಣಕ್ಕೆ ತಿರುಗಿ, ಮೈಮೇಲೆ ವಿಭೂತಿಯಂಥ ಬಿಳಿ ಹುಡಿ ಕಟ್ಟಿತ್ತು. ಅದರ ಹತ್ತಿರ ಕರ್ಪೂರ ಇಡುವಂತಿಲ್ಲ, ನುಸಿಗುಳಿಗೆ ಇಡುವಂತಿಲ್ಲ, ಪ್ಲಾಸ್ಟಿಕ್ ಮುಟ್ಟಿಸುವಂತಿಲ್ಲ. ಚಳಿಗಾಲದಲ್ಲಿ ಒಂದು ದಿನ ತಾತ ಅದನ್ನು ಬಿಚ್ಚಿ, ಬಿಸಿಲು ತಾಗದ ಕಡೆ ಗಾಳಿಗೆ ಇಡುತ್ತಿದ್ದರು. ಆ ದಿನ ಅಜ್ಜಿ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದರು. "ತಿಮಿಂಗಿಲದ ವಾಂತಿಗೆ ಇಷ್ಟು ಉಪಚಾರ! ಒಳಗೆ ಮಾತ್ರ ತರ್ಬೇಡಿ," ಎನ್ನುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಜಂಬ ತಡೆಯಲಾರದೆ ಒಂದು ದಿನ ಗೆಳತಿ ಶೋಭಾಳಿಗೆ ಹೇಳಿಬಿಟ್ಟೆ: "ನಮ್ಮನೇಲಿ ತಿಮಿಂಗಿಲದ ವಾಂತಿ ಇದೆ ಗೊತ್ತಾ?" ಶೋಭಾಳ ಅಪ್ಪ ಪೊಲೀಸ್. ಅದರಲ್ಲಿ ಹೆದರುವಂಥದ್ದೇನಾದರೂ ಇದೆಯೆಂದು ನನಗೆ ಆಗ ತಿಳಿದಿರಲಿಲ್ಲ.

ಒಂದು ವಾರವಾಗಿರಬೇಕು. ತಾತನ ಕಣ್ಣಿಗೆ ಪೊರೆ ಬಂದಿದ್ದರಿಂದ ಬೆಳಗಿನ ಕಾಫಿಯ ಜೊತೆ ಅಜ್ಜಿಯೇ ಪೇಪರ್ ಓದಿ ಹೇಳುತ್ತಿದ್ದರು. ಮಡಿವಾಳದ ಲಾಡ್ಜೊಂದರಲ್ಲಿ ತಿಮಿಂಗಿಲದ ವಾಂತಿ ಇಟ್ಟುಕೊಂಡಿದ್ದ ಇಬ್ಬರನ್ನು ಹಿಡಿದು ಜೈಲಿಗೆ ಕಳಿಸಿದ್ದಾರೆ, ಅದನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದು ಓದುತ್ತಾ ಅಜ್ಜಿಯ ದನಿ ಸಣ್ಣದಾಯಿತು. ಆಮೇಲೆ ಅವರು ಪುಟ ತಿರುಗಿಸಿ, ಏನೂ ಆಗದವರಂತೆ ನಾಳೆ ನೀರು ಬರದ ಬಡಾವಣೆಗಳ ಹೆಸರು ಓದತೊಡಗಿದರು. ನಾನು ಅರ್ಧ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಅವತ್ತಿನಿಂದ ಗೇಟಿನ ಚಿಲಕ ಸದ್ದಾದರೆ ಸಾಕು, ನಾನು ಮಂಚದ ಕೆಳಗೆ. ಶಾಲೆಯಲ್ಲಿ ಶೋಭಾಳ ಮುಖ ನೋಡುತ್ತಿರಲಿಲ್ಲ. ನಾಲ್ಕನೆಯ ದಿನ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ತಾತನ ಕೈ ಹಿಡಿದುಕೊಂಡು ಎಲ್ಲ ಹೇಳಿ ಅತ್ತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಟ್ಟೆಯನ್ನು ಹಿಂಡಿ ಮತ್ತೆ ಹಾಕಿದರು.

"ನಿಂದೇನೂ ತಪ್ಪಿಲ್ಲ ಪುಟ್ಟಿ. ತಗೊಂಡಾಗ ಕಾನೂನು ಇರ್ಲಿಲ್ಲ, ಬಂದ್ಮೇಲೆ ಹೇಳಕ್ಕೆ ಹೆದರ್ಕೊಂಡೆ. ನಾನು ಮುಚ್ಚಿಟ್ಟಿದ್ದನ್ನ ನೀನು ಹೊರೋ ಹಾಗಾಯ್ತು," ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಕೊಟ್ಬಿಡಿ ಅಂದ್ರೆ," ಎಂದರು. ಅಷ್ಟೇ.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನಾನೂ ಬರುತ್ತೇನೆಂದು ಹಟ ಹಿಡಿದೆ. ಆಟೋದಲ್ಲಿ ಜಾಡಿ ಅವರ ತೊಡೆಯ ಮೇಲಿತ್ತು. "ಏನ್ ಸಾರ್, ಉಪ್ಪಿನಕಾಯಾ?" ಎಂದು ಡ್ರೈವರ್ ಕೇಳಿದ. "ಅಲ್ಲಪ್ಪ, ಹಳೇ ಸಾಮಾನು. ವಾಪಸ್ ಕೊಡ್ತಿದೀನಿ," ಎಂದರು ತಾತ. ದಾರಿಯುದ್ದಕ್ಕೂ ಜಾಡಿಯ ಮುಚ್ಚಳವನ್ನು ಒತ್ತಿ ಹಿಡಿದೇ ಇದ್ದರು.

ಅರಣ್ಯ ಇಲಾಖೆಯ ಆ ಅಧಿಕಾರಿ ನಡುವಯಸ್ಸಿನವರು, ಸಿಡುಕು ಮುಖ. ಜಾಡಿಯ ಮುಚ್ಚಳ ತೆಗೆದು, ಮೂಸಿ, ತಲೆ ಹಿಂದಕ್ಕೆಳೆದುಕೊಂಡರು. ತಾತ ಎಲ್ಲವನ್ನೂ ಹೇಳಿದರು, ಹೆದರಿ ಮುಚ್ಚಿಟ್ಟದ್ದನ್ನೂ. "ಇಷ್ಟ್ ವರ್ಷ ಯಾಕ್ ಸಾರ್ ಸುಮ್ನಿದ್ರಿ?" ಎಂದು ಅಧಿಕಾರಿ ಗದರಿದರು. ಆಮೇಲೆ ನನ್ನನ್ನು ನೋಡಿದರು. "ನೀವಾಗೇ ತಂದಿದೀರಲ್ಲ, ಅದನ್ನೇ ಬರ್ಕೊಡಿ. ಕರೆದಾಗ ಬರ್ಬೇಕಾಗುತ್ತೆ." ತಾತ ಹೇಳುತ್ತಾ ಹೋದಂತೆ ಗುಮಾಸ್ತ ಬರೆದುಕೊಂಡ. ರುಜು ಹಾಕುವ ಮೊದಲು ತಾತ ಮೆಲ್ಲಗೆ, "ಕಬ್ಬಿಣದ ಬೀರುನಲ್ಲಿ ಇಟ್ರೆ ಬಿಸಿಗೆ ಕರಗುತ್ತೆ ಸಾರ್, ತಂಪಾಗಿರೋ ಕಡೆ ಇಡ್ಸಿ," ಎಂದರು. ಅಧಿಕಾರಿಯ ಸಿಡುಕು ಸಡಿಲಾಯಿತು. "ಅದನ್ನೂ ಬರ್ಕೊಳಪ್ಪ," ಎಂದು ಗುಮಾಸ್ತನಿಗೆ ಹೇಳಿದರು.

ಮತ್ತೆರಡು ಸಲ ಕರೆಸಿ ವಿಚಾರಿಸಿದರು. ಮೂರನೆಯ ಸಲ ಫೋನ್ ಮಾಡಿ, ಇನ್ನು ಬರಬೇಕಾಗಿಲ್ಲ ಎಂದರು. ತಾತ ರಿಸೀವರ್ ಇಟ್ಟು, ನಿಂತಲ್ಲೇ ನಿಂತು ಉದ್ದಕ್ಕೆ ಉಸಿರುಬಿಟ್ಟರು. ಅವತ್ತು ಅಜ್ಜಿ ಹಬ್ಬವಿಲ್ಲದೆ ಒಬ್ಬಟ್ಟು ಮಾಡಿದರು. ನಾನು ಮೂರು ತಿಂದೆ.

ಮಾರನೆಯ ದಿನ ಧೈರ್ಯ ಮಾಡಿ ಶೋಭಾಳನ್ನು ಕೇಳಿದೆ, ಅವರಪ್ಪನಿಗೆ ಹೇಳಿದ್ದಳೇ ಎಂದು. "ಯಾವ ತಿಮಿಂಗಿಲ? ನೀನು ಸುಳ್ಳು ಬಿಡ್ತಿದೀಯ ಅಂದ್ಕೊಂಡೆ ಕಣೇ!" ಎಂದಳು. ಮನೆಗೆ ಓಡಿಬಂದು ತಾತನಿಗೆ ಹೇಳಿದರೆ, ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೊಟ್ಬಿಟ್ಟಿದ್ದಕ್ಕೆ ಬೇಜಾರಾಗ್ತಿದ್ಯಾ ತಾತ?" ಎಂದು ಕೇಳಿದೆ. "ಇಲ್ಲ ಪುಟ್ಟಿ. ಅದರ ವಾಸನೆಗಿಂತ ನಿದ್ದೆ ದೊಡ್ಡದು," ಎಂದರು.

ತಾತ ಆಮೇಲೆ ಎಂಟು ವರ್ಷ ಇದ್ದರು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ತಾವೇ ಪೇಪರ್ ಓದಿ ಅಜ್ಜಿಗೆ ಹೇಳುವಂತಾದರು. ಗಂಧದೆಣ್ಣೆ, ಲಾವಂಚದ ಬಾಟಲಿಗಳ ಜೊತೆ ಕೊನೆಯವರೆಗೂ ಕೆಲಸ ಮಾಡಿದರು. ಅವರು ಹೋದ ಮೇಲೆ ಒಂದು ಮಧ್ಯಾಹ್ನ ಅಜ್ಜಿ, ನಾನು ಹಿತ್ತಲಿನ ಕೋಣೆಯನ್ನು ಖಾಲಿ ಮಾಡಲು ಕೂತೆವು. ಖಾನೆಗಳನ್ನು ಒಂದೊಂದಾಗಿ ಎಳೆದೆವು: ಬಿರಡೆಗಳು, ಹಿತ್ತಾಳೆಯ ಸಣ್ಣ ತಕ್ಕಡಿ, ನನ್ನ ಎರಡನೇ ಕ್ಲಾಸಿನ ಚಿತ್ರವೊಂದು. ಒಂದು ಖಾನೆಗೂ ಬೀಗವಿರಲಿಲ್ಲ.