ನಾನು ಕಟ್ಟದ ಮನೆ

ಹ್ಯಾಮಿಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವೇಲ್ಸ್‌ನಿಂದ ಬಂದು ನೆಲೆಸಿದ ಹಿರಿಯರೊಬ್ಬರಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಆಯುಷ್ಯವಿಡೀ ಬಡಗಿ ಕೆಲಸ ಮಾಡಿದವರು. ಅವರ ಗ್ಯಾರೇಜಿನಲ್ಲಿ ಕಾರಿರಲಿಲ್ಲ, ಒಂದು ಮನೆ ಇತ್ತು. ಹುಟ್ಟೂರಿನಲ್ಲಿ ಐನೂರು ವರ್ಷಗಳಿಂದ ಕೆಡದೆ ನಿಂತಿರುವ ಮರದ ಮನೆಯೊಂದರ ಮಾದರಿ ಅದು. ನಮ್ಮ ಊಟದ ಮೇಜಿನ ಅರ್ಧದಷ್ಟು ಉದ್ದವಿತ್ತು.

ಆಫೀಸಿನಿಂದ ಬಂದವಳು ಚಹಾದ ಕಪ್ಪು ಹಿಡಿದು ಅಲ್ಲಿ ಹೋಗಿ ಕೂರುತ್ತಿದ್ದೆ. ಬಾಗಿದ ಓಕ್ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಕೈಮುಗಿದಂತೆ ಎದುರುಬದುರು ನಿಲ್ಲಿಸಿದರೆ ಅದೇ ಕಂಬ, ಅದೇ ಸೂರಿನ ಆಧಾರ. ಎಲ್ಲಿಯೂ ಒಂದು ಕಬ್ಬಿಣದ ಮೊಳೆಯಿಲ್ಲ, ಮರಕ್ಕೆ ಮರದ್ದೇ ಬೆಣೆ. ನಡುವೆ ಸೂರಿನವರೆಗೂ ತೆರೆದ ದೊಡ್ಡ ಪಡಸಾಲೆ, ಅದರ ನೆಲದ ಮಧ್ಯದಲ್ಲೇ ಒಲೆ. ಒಂದು ತುದಿಯಲ್ಲಿ ಯಜಮಾನನ ಮೇಜು, ಇನ್ನೊಂದು ತುದಿಯಲ್ಲಿ ದನಗಳು. "ನಮ್ಮ ಅಜ್ಜನ ಮನೆಯಲ್ಲೂ ದನ, ಜನ ಒಂದೇ ಸೂರಿನ ಕೆಳಗೆ" ಎಂದಾಗ ಅವರು ಉಳಿ ಕೆಳಗಿಟ್ಟು ನನ್ನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು. ಅದನ್ನು ಮುಗಿಸಲು ಅವರಿಗೆ ಮೂರು ಚಳಿಗಾಲ ಬೇಕಾಯಿತು.

ನಾನು ಕಟ್ಟಡಗಳ ಎಂಜಿನಿಯರ್. ಆಫೀಸಿನಲ್ಲಿ ಮರದ ಕಟ್ಟಡಗಳ ಬಗ್ಗೆ ಮಾತಾಡುವ ಸರದಿ ನನಗೆ ಬಂದಾಗ ಆ ಮಾದರಿಯನ್ನು ಕೇಳಿದೆ. ಅವರೇ ಕಂಬಳಿ ಸುತ್ತಿ ನನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟರು.

ಆರು ವರ್ಷ ಆ ಆಫೀಸಿನಲ್ಲಿ ನನ್ನ ಮಾತಿಗೆ ಯಾರೂ ತಲೆಯೆತ್ತಿ ನೋಡಿದ್ದಿಲ್ಲ. ಅಂದು ಕಂಬಳಿ ಬಿಚ್ಚಿದ ಕೂಡಲೇ ಎಲ್ಲರೂ ಮೇಜಿನ ಸುತ್ತ ನೆರೆದರು.

"ಇದನ್ನು ನೀನೇ ಮಾಡಿದ್ದಾ?" ಎಂದರು ಬಾಸ್.

ನಾನು ನಕ್ಕೆ, ಅಷ್ಟೇ.

"ಎಷ್ಟು ದಿನ ಹಿಡಿಯಿತು?" ಎಂದು ಇನ್ನೊಬ್ಬರು ಕೇಳಿದರು.

"ಮೂರು ಚಳಿಗಾಲ" ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಸುಳ್ಳು ಪೂರ್ತಿಯಾದದ್ದು ಅದರಿಂದಲೇ.

ಆ ಶನಿವಾರ ಹಿರಿಯರು ಮಾದರಿ ಒಯ್ಯಲು ನಮ್ಮ ಮನೆಗೆ ಬಂದರು. ನನ್ನ ಗಂಡ ಮಂಡಕ್ಕಿಯ ಗಿರಮಿಟ್ ಕಲಸಿ, ಚಹಾ ಕೊಟ್ಟು ಕೂರಿಸಿದ್ದ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಬಾಸ್ ಹೆಂಡತಿಯೊಂದಿಗೆ ನಿಂತಿದ್ದರು. ಆಕೆಗೂ ಆ ಮರದ ಮನೆ ತೋರಿಸಬೇಕಂತೆ. ಒಳಗೆ ಕರೆದು, ಹಿರಿಯರನ್ನು ಪಕ್ಕದ ಮನೆಯವರು ಎಂದಷ್ಟೇ ಪರಿಚಯಿಸಿದೆ.

ಬಾಸ್ ಹಿರಿಯರ ಕಡೆ ತಿರುಗಿ, "ನಿಮ್ಮ ನೆರೆಯವಳ ಕೆಲಸ ನೋಡಿದ್ರಾ? ಮೂರು ಚಳಿಗಾಲ ಕೂತು ಮಾಡಿದ್ದಾಳೆ" ಎಂದರು.

ಹಿರಿಯರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, "ಹೌದು, ಅವಳಿಗೆ ತಾಳ್ಮೆ ಬಹಳ" ಎಂದರು.

"ಸೂರಿನ ಒಳಗೆಲ್ಲ ಯಾಕೆ ಕಪ್ಪಾಗಿದೆ?" ಎಂದು ಬಾಸಿನ ಹೆಂಡತಿ ನನ್ನನ್ನು ಕೇಳಿದರು.

ಹಿರಿಯರೇ ಉತ್ತರಿಸಿದರು. "ಆ ಕಾಲದಲ್ಲಿ ಒಲೆಗೆ ಚಿಮಣಿ ಇರಲಿಲ್ಲ. ಹೊಗೆಯೆಲ್ಲ ಸೂರಿಗೇ ಏರುತ್ತಿತ್ತು. ಆ ಮಸಿ ಕಾಣಲಿ ಅಂತ ಇವಳು ಕೆಳಗೆ ಮೇಣದಬತ್ತಿ ಹಚ್ಚಿಟ್ಟಿದ್ದಳು."

ಅದನ್ನೂ ನನ್ನ ಹೆಸರಿಗೇ ಕೊಟ್ಟುಬಿಟ್ಟರು.

ಬಾಸ್ ದಂಪತಿ ಹೋದ ಮೇಲೆ ನನ್ನ ಗಂಡ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ಏನ್ ಮಾಡಿದಿ ಗೊತ್ತೈತೇನು? ಅಂಥಾ ಹಿರಿಯರ ಬಾಯಿಂದ ಸುಳ್ಳು ಹೇಳಿಸಿದಿ. ಹೋಗು, ಮೊದಲ ಅವರ ಹತ್ರ ಹೋಗು" ಎಂದ.

ಮಾದರಿಯನ್ನು ನಾನೂ ಹಿರಿಯರೂ ಇಬ್ಬರೇ ಹೊತ್ತು ಅವರ ಗ್ಯಾರೇಜಿಗೆ ತಂದೆವು. ಕ್ಷಮೆ ಕೇಳಿದೆ. ಅಳು ಬಂತು. ಯಾಕೆ ಬಾಯಿ ಬಿಡಲಿಲ್ಲ ಎಂದು ನಾನೇ ಅವರನ್ನು ಕೇಳಿದೆ!

"ಅವರೆದುರು ನಿನ್ನ ಮರ್ಯಾದೆ ತೆಗೆದು ನನಗೇನು ಸಿಗಬೇಕಿತ್ತು?" ಎಂದರು. ಮಾದರಿಯ ಮೇಲೆ ಕಂಬಳಿ ಹೊದಿಸುತ್ತ, "ಆದರೆ ಬೇಸರವಾಗಿದೆ. ಅದನ್ನು ಇಲ್ಲ ಅನ್ನಲಾರೆ" ಎಂದರು.

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರು ನಿಜ ಹೇಳಿದೆ. ಯಾರೂ ಬೈಯಲಿಲ್ಲ. ಬಾಸ್ "ಓ" ಎಂದರು, ಒಬ್ಬರು ಕಾಫಿ ಕಪ್ಪಿನೊಳಗೇ ನೋಡುತ್ತ ಕೂತರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಎರಡು ವಾರದ ನಂತರ ಬಾಸ್ ಹಿರಿಯರನ್ನೇ ಮಾತಾಡಲು ಕರೆಸಿದರು. ಅವರು ಟೈ ಕಟ್ಟಿಕೊಂಡು ಬಂದು, ಒಂದೊಂದೇ ಬೆಣೆ ಕಿತ್ತು ತೋರಿಸುತ್ತ ಒಂದು ತಾಸು ಮಾತಾಡಿದರು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವರ ಮುಖದಲ್ಲಿ ಅಂದು ಇದ್ದ ಕಳೆಯನ್ನು ನೋಡಿದಾಗಲೇ ನಾನು ಕದ್ದದ್ದು ಏನೆಂದು ಸರಿಯಾಗಿ ಅರ್ಥವಾದದ್ದು.

ಮರುವರ್ಷ ಅವರು ನೆಲ್ಸನ್‌ನಲ್ಲಿರುವ ಮಗಳ ಮನೆಗೆ ಹೋದರು. ಈಗಲೂ ಭಾನುವಾರಗಳಂದು ಫೋನ್ ಮಾಡುತ್ತಾರೆ. ಮಂಡಿನೋವು, ಹವೆ, ನನ್ನ ಗಂಡನ ಗಿರಮಿಟ್, ಎಲ್ಲದರ ಬಗ್ಗೆ ಮಾತಾಡುತ್ತಾರೆ. ಆ ಮರದ ಮನೆಯ ಮಾತು ಮಾತ್ರ ಎತ್ತುವುದಿಲ್ಲ. ಆ ಬೇಸರ ಇನ್ನೂ ಇದೆಯೇ ಎಂದು ಕೇಳುವ ಧೈರ್ಯ ನನಗೂ ಬಂದಿಲ್ಲ.