ನಾಲ್ಕನೇ ಜ್ವರದಲ್ಲಿ ಕಟ್ಟಿದ ಸೊಳ್ಳೆ ಹಾಡು

ಹೋದ ವರ್ಷದ ಮಳೆಗಾಲದಲ್ಲಿ ನಾನು ರಾಗ ಕಟ್ಟುವ ಕೆಲಸದಲ್ಲಿದ್ದೆ. ಈಗಲೂ ಅದರಲ್ಲೇ ಇದ್ದೇನೆ. ಈ ಕೆಲಸಕ್ಕೆ ಕಚೇರಿ ಇಲ್ಲ, ಮೇಲಧಿಕಾರಿ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಯಾರು ಕೇಳಿಕೊಂಡು ಬರುತ್ತಾರೋ ಅವರ ಹಾಡಿಗೆ ರಾಗ ಹಾಕಿಕೊಡುವುದು. ಇದಕ್ಕೆ ‘ಫ್ರೀಲ್ಯಾನ್ಸ್ ಕಂಪೋಸರ್’ ಎನ್ನುತ್ತಾರೆಂದು ಮಗಳು ಸವಿತಾ ಹೇಳಿದಾಗ ನಮ್ಮ ಯಜಮಾನರ ಕಿವಿಗೆ ‘ಫ್ರೀ’ ಮಾತ್ರ ಬಿತ್ತು. “ಪುಕ್ಸಟ್ಟೆ ಕಟ್ಕೊಡ್ತಿಯೇನಮ್ಮಿ?” ಎಂದು ಗಾಬರಿಯಾದರು.

ನನ್ನ ಹೆಸರು ಚಿಕ್ಕತಾಯಮ್ಮ. ರಾಮನಗರ ತಾಲ್ಲೂಕು, ಕೂಟಗಲ್ ಮಗ್ಗುಲಿನ ಊರು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದಬಲ್ಲೆ. ಸ್ವರ ಬರೆಯಲು ಬರುವುದಿಲ್ಲ. ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದವಳಿಗೆ ಊರಿನ ಶಾಲೆಯವರು ಒಮ್ಮೆ ಸ್ವಾಗತ ಗೀತೆಗೆ ರಾಗ ಹಾಕಿಸಿದರು. ಆಮೇಲೆ ಕನಕಪುರದ ಒಂದು ಬಟ್ಟೆ ಅಂಗಡಿ, ಚನ್ನಪಟ್ಟಣದ ಒಂದು ಬೊಂಬೆ ಅಂಗಡಿ. ಹೀಗೆ ಹಬ್ಬಿತು. ಮನೆಯಲ್ಲಿ ಸಾಕುವ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಗುನುಗುವುದು, ಸರಿ ಬಂದದ್ದನ್ನು ಫೋನಿನಲ್ಲಿ ಹಾಡಿ ಕಳಿಸುವುದು, ಇಷ್ಟೇ ನನ್ನ ಪದ್ಧತಿ. ಆದರೆ ಅಷ್ಟೂ ಹಾಡುಗಳಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಬಟ್ಟೆ ಅಂಗಡಿಯ ಹಾಡಿನಲ್ಲಿ ಅಂಗಡಿಯ ಹೆಸರು ಮೂರು ಸಲ ಬರುತ್ತದೆ, ಪಕ್ಕದ ಪೆಟ್ರೋಲ್ ಬಂಕಿನ ಗುರುತೂ ಬರುತ್ತದೆ. ನಾನು ಬರುವುದಿಲ್ಲ.

ಹೀಗಿರುವಾಗ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಿಂದ ನವ್ಯಾ ಎಂಬ ಹುಡುಗಿ ಫೋನು ಮಾಡಿದಳು. ಉಡುಪಿ ಕಡೆಯವಳು. ನನ್ನನ್ನು ಕಂಡವಳಲ್ಲ, ಫೋನಿನ ಪರಿಚಯ ಮಾತ್ರ. ಸೊಳ್ಳೆಯಿಂದ ಬರುವ ಜ್ವರದ ಬಗ್ಗೆ ಒಂದು ಜಾಗೃತಿ ಹಾಡು ಬೇಕು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ಕಡೆಯೂ ಆಟೋಗೆ ಮೈಕು ಕಟ್ಟಿ ಹಾಕುತ್ತೇವೆ ಎಂದಳು.

“ಹಾಡಿನ ಕೊನೆಗೆ ನಿಮ್ಮ ಹೆಸರು ನಾನೇ ಹೇಳ್ತೇನೆ ಅಮ್ಮಾ. ಆದರೆ ಭಾನುವಾರದೊಳಗೆ ರಾಗ ಬೇಕು ಮಾರಾಯ್ರೇ. ಆಗಲಿಲ್ಲ ಅಂದ್ರೆ ಕಂಪ್ಯೂಟರ್ ಹತ್ರ ಮಾಡಿಸಿ ಅಂತ ಮೇಲಿನವರು ಹೇಳಿದ್ದಾರೆ.”

ಕೂಡಲೇ ಒಪ್ಪಿಕೊಂಡೆ. ಯಾಕೆಂದರೆ ಮಾಗಡಿಯಲ್ಲಿ ನನ್ನ ಮಗಳ ಮನೆ ಇದೆ. ಆ ಮನೆಯಲ್ಲಿ ನನ್ನ ಮೊಮ್ಮಗಳು ಗಾನವಿ ಇದ್ದಾಳೆ. ಅವಳ ವಿಷಯ ಶುರು ಮಾಡಿದರೆ ಸೊಳ್ಳೆ, ಸ್ಟುಡಿಯೋ ಎರಡೂ ಮರೆತುಹೋಗುತ್ತವೆ. ಆಗ ಅವಳಿಗೆ ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನ ಹಾಗೆ ಎರಡು ಹಲ್ಲು ಮೂಡಿದ್ದವು. ಎರಡೇ ಹಲ್ಲಿನಲ್ಲಿ ನಕ್ಕರೆ ನನಗೆ ದೀಪಾವಳಿ. ಆ ಮಗು ತನ್ನ ಬೀದಿಯಲ್ಲಿ ತನ್ನ ಅಜ್ಜಿಯ ಹೆಸರನ್ನು ಮೈಕಿನಲ್ಲಿ ಕೇಳಬೇಕು! ಅದಕ್ಕೇನು ತಿಳಿಯುತ್ತದೆ ಎಂದು ಕೇಳಬೇಡಿ. ನನಗೆ ತಿಳಿಯುತ್ತದಲ್ಲ.

ಸಾಹಿತ್ಯ ಬಂತು. ‘ಲಾರ್ವಾ ಉತ್ಪತ್ತಿ ತಾಣಗಳ ನಿರ್ಮೂಲನೆ ಮಾಡೋಣ’ ಎಂಬುದು ಪಲ್ಲವಿ. ಸೋಬಾನೆಯಲ್ಲಿ ಕಳಸ, ಕನ್ನಡಿ, ಮಲ್ಲಿಗೆ ಎಲ್ಲ ತಾವಾಗಿ ಬಂದು ಕೂರುತ್ತವೆ. ಈ ನಿರ್ಮೂಲನೆ ಯಾವ ರಾಗದಲ್ಲೂ ಕೂರಲಿಲ್ಲ. ಎಳೆದೆ, ತುಂಡು ಮಾಡಿದೆ, ‘ನಿರ್ಮೂ... ಮೂ... ಮೂ...’ ಎಂದು ಅಲುಗಿಸಿ ನೋಡಿದೆ. ಸೊಪ್ಪು ಹೊತ್ತು ತಂದ ಯಜಮಾನರು ಬಾಗಿಲಲ್ಲೇ ನಿಂತು, “ಅದೇನಮ್ಮಿ, ಮೂಲವ್ಯಾಧಿ ಮ್ಯಾಲೆ ಹಾಡ್ ಕಟ್ಟಿಯಾ?” ಎಂದರು.

ತೊಂದರೆ ರಾಗದ್ದು ಮಾತ್ರವಾಗಿರಲಿಲ್ಲ. ಅದಕ್ಕೆ ಕೆಲವು ವಾರ ಮುಂಚೆ ನನ್ನ ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಿ, ಕಟ್ಟುಹಲ್ಲಿಗೆ ಅಳತೆ ಕೊಟ್ಟಿದ್ದೆ. ಹಲ್ಲಿಲ್ಲದ ಬಾಯಲ್ಲಿ ಸೊಳ್ಳೆ ಎಂದರೆ ‘ಫೊಳ್ಳೆ’ ಎಂದು ಹೊರಡುತ್ತಿತ್ತು. ಅದನ್ನು ಹೇಗೋ ಸಂಭಾಳಿಸುತ್ತಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಎದ್ದರೆ ಮೈ ಕೆಂಡ, ಕೀಲುಕೀಲಿನಲ್ಲೂ ನೋವು, ಮಡಿಸಿದ ಬೆರಳು ಬಿಡಿಸಲಾಗದು. ತಾಳ ಹಾಕುವ ಕೈ ಕೋಳಿ ಕಾಲಿನಂತೆ ಮುದುರಿಕೊಂಡಿತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಚಿಕುನ್‌ಗುನ್ಯಾ ಎಂದರು. ಸೊಳ್ಳೆ ಕಚ್ಚಿದ್ದರಿಂದ ಬರುವ ಜ್ವರ. ಸೊಳ್ಳೆಯ ಮೇಲೆ ಹಾಡು ಕಟ್ಟುತ್ತಿದ್ದವಳಿಗೆ ಸೊಳ್ಳೆಯೇ ಕಚ್ಚಿತ್ತು!

“ಅವುಕ್ಕೆ ಬೈದು ಹಾಡ್ ಕಟ್ಟುದ್ರೆ ಸುಮ್ಕಿದ್ದಾವೇನಮ್ಮಿ?” ಎಂದರು ಯಜಮಾನರು.

ಡಾಕ್ಟರು ಕೈಕಾಲಿಗೆ ವಿಶ್ರಾಂತಿ ಬೇಕು, ಗಂಟಲು ಕೆಟ್ಟಿದೆ, ಮಾತು ಕಡಿಮೆ ಮಾಡಬೇಕು ಎಂದರು. ನಮ್ಮ ಯಜಮಾನರ ಮುಖ ಅರಳಿದ್ದನ್ನು ನಾನು ಜ್ವರದಲ್ಲೂ ನೋಡಿದೆ. “ಸಾರ್, ಅದ್ನ ಒಸಿ ಚೀಟಿಲಿ ಬರ್ದುಕೊಡಿ” ಎಂದು ಕೈಮುಗಿದರು.

ಜ್ವರದ ಸುದ್ದಿ ತಿಳಿದು ಆಶಾ ಕಾರ್ಯಕರ್ತೆ ಭಾಗ್ಯ ಮನೆ ತಪಾಸಣೆಗೆ ಬಂದಳು. ಡ್ರಮ್ಮಿಗೆ ಬಟ್ಟೆ ಕಟ್ಟಿದ್ದೆ, ತೊಟ್ಟಿ ತಿಕ್ಕಿದ್ದೆ, ತೆಂಗಿನ ಚಿಪ್ಪು ಕವುಚಿ ಹಾಕಿದ್ದೆ. ಹಾಡು ಕಟ್ಟುವವಳ ಮನೆಯಲ್ಲವೇ! ಮಲಗಿದಲ್ಲಿಂದಲೇ, “ನೋಡು, ಎಲ್ಲಾರ ಒಂದು ಹನಿ ನಿಂತಿದ್ರೆ ಹೇಳು” ಎಂದು ಜಂಬ ಮಾಡಿದೆ. ಅವಳು ಹುಳಮನೆಗೆ ಹೋದಳು. ಅಲ್ಲಿ ಹುಳುವಿನ ತಟ್ಟೆ ಇಡುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇರುವೆ ಹತ್ತದಿರಲೆಂದು ನೀರಿನ ಬಟ್ಟಲು ಇಟ್ಟಿರುತ್ತೇವೆ. ಬ್ಯಾಟರಿ ಬಿಟ್ಟು ನೋಡಿದಳು. ಒಂದೊಂದು ಬಟ್ಟಲಿನಲ್ಲೂ ಲಾರ್ವಾಗಳು ನೆಂಟರ ಮನೆಗೆ ಬಂದಂತೆ ಕುಣಿಯುತ್ತಿದ್ದವು. ನಮ್ಮ ಮನೆಯಲ್ಲಿ ಸೊಳ್ಳೆಬತ್ತಿಯನ್ನೂ ಹಚ್ಚುವುದಿಲ್ಲ, ಆ ಹೊಗೆಗೆ ರೇಷ್ಮೆ ಹುಳು ಸಾಯುತ್ತವೆ. ಸೊಳ್ಳೆಗಳಿಗೆ ಇದಕ್ಕಿಂತ ಸುಖದ ಬಾಣಂತಿ ಕೋಣೆ ಎಲ್ಲಿ ಸಿಕ್ಕೀತು?

“ಅಜ್ಜಿ, ನಿಮ್ಮನೇಲಿ ಎರಡು ಸಾಕಣೆ ನಡೀತಾ ಐತೆ. ಒಂದು ಮ್ಯಾಲೆ, ಒಂದು ಕೆಳುಗ್ಡೆ” ಎಂದಳು ಭಾಗ್ಯ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತುಬಿಡುತ್ತದೆ. ಆಮೇಲೆ ಹಳೆ ಚರ್ಮ ಕಳಚಿ ಮತ್ತೆ ತಿನ್ನಲು ಶುರು ಮಾಡುತ್ತದೆ. ಇದಕ್ಕೆ ನಾವು ‘ಜ್ವರ’ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಇದು ರೋಗವಲ್ಲ, ಬೆಳವಣಿಗೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹೊಟ್ಟೆಬಾಕನಂತೆ ತಿಂದು ‘ಹಣ್ಣಾಗುತ್ತದೆ’, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ನಮ್ಮ ಸೀಮೆಯಲ್ಲಿ ಇದು ಹಸುಗೂಸಿಗೂ ಗೊತ್ತು. ಉಡುಪಿಯ ನವ್ಯಾಗೆ ಗೊತ್ತಿರಲಿಲ್ಲ.

ಶುಕ್ರವಾರ ನಾನು ಮಾತ್ರೆ ನುಂಗಿ ಮಲಗಿದ್ದೆ. ಫೋನು ಯಜಮಾನರ ಜೇಬಿನಲ್ಲಿ, ಯಜಮಾನರು ಹುಳಮನೆಯಲ್ಲಿ. ನವ್ಯಾಳ ಕರೆ ಬಂತು. ಅವಳು ಪಾಪ ಮರ್ಯಾದೆಗೆ, “ಮನೇಲಿ ಎಲ್ಲ ಹೇಗಿದ್ದೀರಿ?” ಎಂದಿದ್ದಾಳೆ. ಹುಳು ಸಾಕುವ ಮನುಷ್ಯನನ್ನು ಹೇಗಿದ್ದೀರಿ ಎಂದರೆ ಅವನು ಹೇಳುವುದು ಹುಳುವಿನ ಸಮಾಚಾರವನ್ನೇ. ಆಮೇಲೆ ಇಬ್ಬರ ಬಾಯಿಂದಲೂ ಕೇಳಿ ತಿಳಿದದ್ದನ್ನು ಬರೆಯುತ್ತೇನೆ.

“ನಾಕನೇ ಜ್ವರ ಕಣವ್ವಾ. ಉಣ್ಣಕಿಲ್ಲ, ಅಲ್ಲಾಡಕಿಲ್ಲ. ತಲೆ ಎತ್ಕಂಡು ಹಂಗೇ ಅವೆ.”

‘ಅವೆ’ ಎನ್ನುವುದು ನಮ್ಮ ಕಡೆ ಹೆಂಡತಿಗೆ ಮರ್ಯಾದೆ ಕೊಡುವ ರೀತಿ ಇರಬೇಕು ಎಂದು ಆ ಹುಡುಗಿ ತಿಳಿದಳಂತೆ.

“ಅಯ್ಯೋ ದೇವರೇ! ನಾಲ್ಕನೇ ಸಲವಾ? ಡಾಕ್ಟರ್ ಎಂತ ಹೇಳಿದ್ರು?”

“ಇದ್ಕೆ ಡಾಕ್ಟ್ರು ಯಾಕವ್ವಾ? ನಾಳೀಕೆ ಚರ್ಮ ಬುಡ್ತವೆ.”

“ಚರ್ಮ ಬಿಡ್ತಾರಾ?”

“ಹೂಂ, ಪೂರ್ತಿ ಸುಲ್ಕತವೆ. ಆಮೇಕೆ ಹಣ್ಣಾಗ್ತವೆ. ಹಣ್ಣಾದೇಟ್ಗೆ ಎತ್ತಿ ಚಂದ್ರಿಕೆಗೆ ಹಾಕಿ, ಸೀದಾ ರಾಮನಗರಕ್ಕೆ ಸಾಗ್ಸೋದೇಯ.”

ರಾಮನಗರದಲ್ಲಿರುವುದು ಗೂಡಿನ ಮಾರುಕಟ್ಟೆ; ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ನವ್ಯಾ ಅದು ಚಟ್ಟ ಎಂದುಕೊಂಡಳು.

“ಹಾಗೆಲ್ಲ ಹೇಳ್ಬೇಡಿ ಅಜ್ಜಾ, ಧೈರ್ಯ ತಗೊಳ್ಳಿ” ಎಂದು ಅವಳು ಬಿಕ್ಕಿದಳಂತೆ.

“ಧೈರ್ಯ ಏನವ್ವಾ, ವರ್ಸದಲ್ಲಿ ನಾಕೈದು ಬೆಳೆ ತೆಗೀತೀವಿ. ಇವು ಹೋದ್ರೆ ಇನ್ನೊಂದ್ ಸಲ ತಂದ್ಕತೀನಿ” ಎಂದು ಯಜಮಾನರೇ ಅವಳಿಗೆ ಸಮಾಧಾನ ಹೇಳಿ ಫೋನಿಟ್ಟರು. ನನಗೆ ಏನೂ ಹೇಳಲಿಲ್ಲ. ಹೇಳುವಂಥದ್ದು ನಡೆದಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಸಂಜೆ ಎದ್ದಾಗ ಫೋನಿನಲ್ಲಿ ಒಂದು ಸಂದೇಶ ಇತ್ತು. ಅಕ್ಷರ ಕೂಡಿಸಿ ಓದಿದೆ: ‘ಅಮ್ಮಾ, ಹಾಡಿನ ಚಿಂತೆ ಬಿಡಿ. ಕಂಪ್ಯೂಟರ್ ಮಾಡುತ್ತದೆ. ನೀವು ನಮ್ಮ ಮನಸ್ಸಿನಲ್ಲಿ ಸದಾ ಇರುತ್ತೀರಿ.’

ಕೊನೆಯ ವಾಕ್ಯದ ಅರ್ಥ ನನಗಾಗಲಿಲ್ಲ. ಮೊದಲ ಎರಡರ ಅರ್ಥ ಚೆನ್ನಾಗಿ ಆಯಿತು. ಕೆಲಸ ಕೈತಪ್ಪಿತು. ಮಾಗಡಿಯ ಬೀದಿಯಲ್ಲಿ ನನ್ನ ಹೆಸರಿಲ್ಲ. ಗೋಡೆ ಕಡೆ ತಿರುಗಿ ಅತ್ತೆ. ಅತ್ತರೂ ಬೆನ್ನು ನೋಯುತ್ತಿತ್ತು, ಆದ್ದರಿಂದ ಬೇಗ ನಿಲ್ಲಿಸಿದೆ. ಆಮೇಲೆ ಕೋಪ ಬಂತು. ಕಂಪ್ಯೂಟರಿಗೆ ಎಂದಾದರೂ ಸೊಳ್ಳೆ ಕಚ್ಚಿದೆಯೇ? ಅದೇನು ಹಾಡೀತು?

ಶನಿವಾರ ಯಜಮಾನರು ರಾಮನಗರಕ್ಕೆ ಹೋಗಿ ಸಿದ್ಧವಾಗಿದ್ದ ಹಲ್ಲಿನ ಸೆಟ್ಟು ತಂದರು. ಭಾನುವಾರ ಬೆಳಿಗ್ಗೆ ಅದನ್ನು ತೊಟ್ಟು, ಗೋಡೆ ಹಿಡಿದುಕೊಂಡು ಹುಳಮನೆಗೆ ನಡೆದೆ. ನನಗೆ ರಾಗ ಹುಟ್ಟುವುದು ಅಲ್ಲೇ. ಹುಳು ಜ್ವರ ಎದ್ದು ಸೊಪ್ಪಿನ ಮೇಲೆ ಮುಗಿಬಿದ್ದಿದ್ದವು. ನಿರ್ಮೂಲನೆಯನ್ನು ಪಕ್ಕಕ್ಕಿಟ್ಟೆ. ಹೇಗೂ ಕೆಲಸ ಹೋಗಿದೆ, ನನ್ನಿಷ್ಟದ ಮಾತು ಹಾಕಿದರೆ ಬೈಯುವವರು ಯಾರು? ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಸೋಬಾನೆಯ ಧಾಟಿ ಹಿಡಿದು, ಸೊಳ್ಳೆಯನ್ನೇ ತವರಿನಿಂದ ಬೀಳ್ಕೊಡುವ ಹಾಡು ಹೇಳಿದೆ:

ಹೋಗಿ ಬಾರದಿರವ್ವ ಸೊಳ್ಳಮ್ಮ, ಸೋಬಾನವೇ,
ಬಟ್ಟಲ ನೀರ ಚೆಲ್ಲೀವಿ, ತೊಟ್ಟಿಯ ತಿಕ್ಕೀವಿ,
ಇಲ್ಲಿ ನಿನಗೆ ತೊಟ್ಟಿಲಿಲ್ಲ, ಸೋಬಾನವೇ.

ಹೊಸ ಹಲ್ಲಿನದು ಒಂದು ಚಾಳಿ. ‘ಸ’ ಬಂದಲ್ಲೆಲ್ಲ ಸಂದಿಯಿಂದ ಗಾಳಿ ನುಗ್ಗಿ ‘ಸುಂಯ್ಯ್’ ಎಂದು ಸಿಳ್ಳೆ ಹೊಡೆಯುತ್ತಿತ್ತು. ಸೊಳ್ಳೆ, ಸೋಬಾನೆ ಎರಡರಲ್ಲೂ ‘ಸ’! ಎರಡನೇ ಸಲ ಹಾಡಲು ಉಸಿರಿರಲಿಲ್ಲ. ಹಾಗೇ ಫೋನಿನಲ್ಲಿ ನವ್ಯಾಗೆ ಕಳಿಸಿಬಿಟ್ಟೆ. ಹೀಗೆ ವಾದ್ಯದವರಿಗೆ ದಾರಿ ತೋರಿಸಲು ಕರಡಾಗಿ ಹಾಡಿಕೊಡುವುದಕ್ಕೆ ಸ್ಟುಡಿಯೋದವರು ‘ಸ್ಕ್ರ್ಯಾಚ್’ ಎನ್ನುತ್ತಾರೆ. ಅದನ್ನು ಆಮೇಲೆ ಅಳಿಸಿ, ಒಳ್ಳೆಯ ಗಾಯಕಿಯಿಂದ ಹಾಡಿಸುತ್ತಾರೆ.

ಮರುಕ್ಷಣವೇ ಫೋನು ಬಡಿದುಕೊಂಡಿತು.

“ಅಮ್ಮಾ! ನೀವು... ನೀವು ಉಂಟಾ?” ನವ್ಯಾ ಕೂಗಿದಳು.

“ಇದೀನಲ್ಲವ್ವಾ. ಎಲ್ಲಿಗೋಗ್ಲಿ?”

“ಹಿಂದೆ ಸಣ್ಣ ಮಳೆ ಹನಿಯೋ ಸದ್ದು ಎಷ್ಟು ಚಂದ! ಸೊಳ್ಳೆ ಸೌಂಡ್ ಯಾವ ವಾದ್ಯದ್ದು?”

“ಮಳೆ ಎಲ್ಲಿ ಬತ್ತು? ಹುಳ ಸೊಪ್ಪು ತಿಂತಾ ಅವೆ. ನಾಕನೇ ಜ್ವರ ಎದ್ದವಲ್ಲ, ಹಂಗೇ ಸದ್ದು ಮಾಡ್ತವೆ. ಸೊಳ್ಳೆ ಸದ್ದು ನನ್ ಹಲ್ಲು.”

ನವ್ಯಾ ನಿಧಾನಕ್ಕೆ ಕೇಳಿದಳು: “ನಾಲ್ಕನೇ ಜ್ವರ... ಹುಳಕ್ಕಾ?”

“ಮತ್ತಿನ್ಯಾರ್ಗೆ?”

“ಚರ್ಮ ಬಿಡೋದೂ ಹುಳವಾ?”

ಆ ಹುಡುಗಿ ನಕ್ಕ ನಗುವಿಗೆ ಫೋನು ಕಿವಿಯಿಂದ ದೂರ ಹಿಡಿದೆ. ನಕ್ಕು ಮುಗಿದ ಮೇಲೆ, “ನಿಮಗೆ ಗುಣ ಆಗ್ಲಿ ಅಂತ ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತಿದ್ದೇನೆ ಅಮ್ಮಾ. ಈಗ ಅದು ನಿಮ್ಮ ಹುಳಗಳ ಲೆಕ್ಕಕ್ಕೆ ಹೋಯ್ತು” ಎಂದಳು. ನಾವೇನೂ ಬೇಡ ಎನ್ನಲಿಲ್ಲ. ಆ ಸಲದ ಗೂಡು ಬಹಳ ಚೆನ್ನಾಗಿ ಬಂತು.

ಮೇಲಿನವರು ಕಂಪ್ಯೂಟರಿನ ಹಾಡು, ನನ್ನ ಹಾಡು ಎರಡನ್ನೂ ಕೇಳಿದರಂತೆ. ಕಂಪ್ಯೂಟರಿನದು ಶ್ರುತಿ ತಪ್ಪದೆ ನಿರ್ಮೂಲನೆ ಮಾಡಿತ್ತು. ನನ್ನದನ್ನು ಕೇಳಿದ ಒಬ್ಬರು ಕುಳಿತಲ್ಲೇ ಕತ್ತಿನ ಹಿಂದೆ ಪಟ್ಟನೆ ಹೊಡೆದುಕೊಂಡರು, ಸೊಳ್ಳೆ ಬಂತೆಂದು! ಅಲ್ಲಿಗೆ ತೀರ್ಮಾನವಾಯಿತು. ಮಾತು ಬದಲಾಯಿಸಿದ್ದನ್ನೂ ಒಪ್ಪಿದರು. ಒಳ್ಳೆಯ ಗಾಯಕಿ ಬಂದು ಹಾಡಿದರೂ ಆ ‘ಸುಂಯ್ಯ್’ ಬರಲಿಲ್ಲವಂತೆ, ಪಾಪ, ಅವಳಿಗೆ ಸ್ವಂತ ಹಲ್ಲು. ಸ್ಕ್ರ್ಯಾಚೇ ಹಾಡಾಯಿತು.

ಆಟೋ ಮಾಗಡಿಗೆ ಬರುವ ದಿನ ತಿಳಿದುಕೊಂಡು, ಕೀಲುನೋವನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ. ಗಾನವಿಯನ್ನು ಎತ್ತಿಕೊಂಡು ಸವಿತಾಳ ಮನೆ ಬಾಗಿಲಲ್ಲಿ ಮದುವಣಗಿತ್ತಿಯ ಹಾಗೆ ಕಾದೆ. ಆಟೋ ಬಂತು. ಹಾಡು ಶುರುವಾಯಿತು. ಬೀದಿಯ ಹೆಂಗಸರು ಹೊರಗೆ ಬಂದು ನಿಂತರು. ಹಾಡು ಮುಗಿಯಿತು. ನವ್ಯಾಳ ಧ್ವನಿ: “ರಾಗ ಸಂಯೋಜನೆ ಮತ್ತು ಗಾಯನ, ಚಿಕ್ಕ...”

ಡ್ರೈವರು ಗಾಡಿ ಎಳೆದುಕೊಂಡು ಹೊರಟೇಬಿಟ್ಟ. ‘ತಾಯಮ್ಮ’ ತಿರುವಿನ ಆಚೆ ಹೋಯಿತು.

“ನಿಲ್ಸಪ್ಪಾ, ನಿಲ್ಸೋ!” ಎಂದು ಮಗುವನ್ನು ಎತ್ತಿಕೊಂಡೇ ಓಡಿದೆ. ಡಾಕ್ಟರು ವಿಶ್ರಾಂತಿ ಕೊಡಿ ಎಂದಿದ್ದ ಕಾಲುಗಳು ಓಡಿದವು! ಆಟೋ ಸಿಗಲಿಲ್ಲ. ಹಿಂದೆ ಎದುರುಮನೆಯಾಕೆ ಸವಿತಾಳಿಗೆ ಹೇಳುವುದು ಕೇಳಿಸಿತು: “ಯಾರೋ ಚಿಕ್ಕಯ್ಯ ಅಂತೆ ಕಣ್ರೀ. ಗಂಡಸಾದ್ರೂ ಹೆಂಗಸಿನ್ ಧ್ವನೀಲಿ ಎಷ್ಟ್ ಚೆಂದಾಗ್ ಹಾಡವ್ನೆ!”

ಬೀದಿಯ ಕೊನೆಯಲ್ಲಿ ಏದುಸಿರು ಬಿಡುತ್ತಾ ನಿಂತೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಗ ಕಂಕುಳಲ್ಲಿದ್ದ ಗಾನವಿ ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ನನ್ನ ಬಾಯೊಳಗೆ ಬೆರಳಿಟ್ಟು ಕಟ್ಟುಹಲ್ಲನ್ನು ಮುಟ್ಟಿದಳು. ಆಮೇಲೆ ತನ್ನ ಎರಡು ಹಲ್ಲಿನ ಮೇಲೆ ನಾಲಿಗೆಯಿಟ್ಟು, ಕೆನ್ನೆ ಉಬ್ಬಿಸಿ, ಉಗುಳು ಹಾರಿಸುತ್ತಾ ಅಂದಳು: “ಸುಂಯ್ಯಿ!”

ಶ್ರುತಿ ಸರಿಯಾಗಿತ್ತು. ನಾನು ಕಸುಬಿನವಳು, ಸುಳ್ಳು ಹೇಳುವುದಿಲ್ಲ.

ಈ ಕೆಲಸ ನನಗೆ ಎರಡು ಪಾಠ ಕಲಿಸಿತು. ಬಟ್ಟಲಿನ ನೀರನ್ನು ವಾರ ವಾರ ಚೆಲ್ಲಿ ಹೊಸದು ಹುಯ್ಯಬೇಕು; ಇದು ಎಲ್ಲರಿಗೂ ಹೇಳುವ ಪಾಠ. ಇನ್ನೊಂದು ನನ್ನಂತೆ ರಾಗ ಕಟ್ಟುವವರಿಗೆ: ಹೆಸರನ್ನು ಹಾಡಿನ ಕೊನೆಗೆ ಹಾಕಿಸಬೇಡಿ, ಆಟೋದವರಿಗೆ ಪುರುಸೊತ್ತಿರುವುದಿಲ್ಲ. ನವ್ಯಾ ಮುಂದಿನ ಹಾಡಿನಲ್ಲಿ ನನ್ನ ಹೆಸರನ್ನು ಮೊದಲಿಗೇ ಹೇಳಿಸುತ್ತೇನೆ ಎಂದು ವಿವರ ಕೇಳಿದಳು. ಏನಂತ ಹಾಕಲಿ ಅಮ್ಮಾ, ಚಿಕ್ಕತಾಯಮ್ಮ ಅಂತಲೇ ಅಲ್ವಾ ಎಂದಳು.

ಒಸಿ ಯೋಚನೆ ಮಾಡಿದೆ. ಮಾಗಡಿಯಲ್ಲಿ ಈಗ ಆ ಹೆಸರಿನವರು ಯಾರೂ ಇಲ್ಲ. ನಾನು ಬಸ್ಸಿಳಿದು ಬೀದಿ ಮೂಲೆಗೆ ಬಂದರೆ ಸಾಕು, ಹೊಸ್ತಿಲ ಮೇಲೆ ಕುಳಿತ ಗಾನವಿ ಎರಡೂ ಕೈ ಚಾಚಿ ಇಡೀ ಬೀದಿಗೆ ಕೇಳುವಂತೆ ಕೂಗುತ್ತಾಳೆ.

“ಸುಂಯ್ಯಮ್ಮ ಅಂತ ಹಾಕವ್ವಾ” ಎಂದೆ.